ಕುಂಕುಮ ಹಚ್ಚುವ ಮುಂಚೆ ಕವರ್ ಬಿಚ್ಚಿ

ನಮ್ಮದು ಹೊಳೆನರಸೀಪುರದ ಕಡೆ, ಹೇಮಾವತಿ ನಾಲೆ ನೀರಿನ ಭತ್ತದ ಬಯಲು. ಒಂದು ಹಳೆ ಭತ್ತ ಕೊಯ್ಯುವ ಮೆಷಿನ್ ಇದೆ. ನಮ್ಮ ಗದ್ದೆ ಮುಗಿಸಿ ಅಕ್ಕಪಕ್ಕದವರಿಗೂ ಬಾಡಿಗೆಗೆ ಓಡಿಸುತ್ತೇನೆ. ಮೊದಲೆಲ್ಲ ಆಯುಧ ಪೂಜೆಗೆ ತೊಳೆದು, ಕುಂಕುಮ ಹಚ್ಚಿ, ನಿಂಬೆಹಣ್ಣಿನ ಮೇಲೆ ಹತ್ತಿಸಿದರೆ ಮೆಷಿನ್ ರೆಡಿ ಅಂದುಕೊಳ್ಳುತ್ತಿದ್ದೆ. ಈಗ ಪೂಜೆಗೆ ಒಂದು ವಾರ ಮುಂಚೆಯೇ ಸೈಡ್ ಕವರ್ ಬಿಚ್ಚುತ್ತೇನೆ. ಆಗ ಕೀ ನನ್ನ ಜೇಬಿನಲ್ಲೇ ಇರಬೇಕು, ಮಗನ ಕೈಯಲ್ಲಲ್ಲ.

ಬುದ್ಧಿ ಕಲಿಸಿದ್ದು ತೆನೆಯಿಂದ ಕಾಳು ಬಿಡಿಸುವ ಡ್ರಮ್ಮಿನ ಬೆಲ್ಟು. ನಮ್ಮ ಮೆಷಿನ್ನಿನಲ್ಲಿ ಈ ಡ್ರಮ್ ಜೋಡಿ ಬೆಲ್ಟಿನ ಮೇಲೆ ಓಡುತ್ತದೆ. ಒಂದು ವರ್ಷ ಒಂದು ಮಾತ್ರ ಸೀಳಿತ್ತು. ಇನ್ನೊಂದು ಚೆನ್ನಾಗೇ ಇದೆಯಲ್ಲ, ಸುಮ್ನೆ ಯಾಕೆ ದುಡ್ಡು ಅಂತ ಸೀಳಿದ್ದನ್ನಷ್ಟೇ ಬದಲಾಯಿಸಿದೆ. ಹಳೆಯದು ಓಡಿ ಓಡಿ ಉದ್ದವಾಗಿತ್ತು. ಭಾರವೆಲ್ಲ ಹೊಸದರ ಮೇಲೆ ಬಿತ್ತು, ಹಳೆಯದು ಜೊತೆಗೆ ತೂಗಾಡುತ್ತಿತ್ತು ಅಷ್ಟೇ. ಮೂರನೇ ದಿನ ಇಬ್ಬನಿ ಆರುವ ಮುಂಚೆಯೇ ಗದ್ದೆಗೆ ಇಳಿಸಿದೆ. ಬೆಲ್ಟ್ ಜಾರಿ ರಬ್ಬರ್ ಸುಟ್ಟ ವಾಸನೆ ಬಂತು, ಡ್ರಮ್ಮಿಗೆ ಹಸಿ ಹುಲ್ಲು ಸುತ್ತಿಕೊಂಡಿತು. ಕುಡುಗೋಲಿನಿಂದ ಕುಯ್ದು ತೆಗೆಯುವಷ್ಟರಲ್ಲಿ ಮಧ್ಯಾಹ್ನ. ಗದ್ದೆ ಯಜಮಾನರು ಬದುವಿನ ಮೇಲೆ ಕೂತು, "ಏನಪ್ಪಾ, ಆಳುಗಳನ್ನೇ ಕರೆಸಲಾ?" ಅಂದರು.

ಅಂದಿನಿಂದ ಬದಲಾಯಿಸಿದರೆ ಎರಡನ್ನೂ ಒಟ್ಟಿಗೆ. ಬೆಲ್ಟಿನ ಬಿರುಕು ಯಾರಿಗಾದರೂ ಕಾಣುತ್ತದೆ, ಮೋಸ ಮಾಡುವುದು ಬೆಲ್ಟಿನ ಎರಡು ಬದಿಯ ಹೊಳಪು. ಗಾಜಿನ ಹಾಗೆ ಮಿಂಚುತ್ತಿದ್ದರೆ ಅದು ಜಾರುತ್ತಾ ಇದೆ ಅಂತ ಅರ್ಥ. ಶೆಡ್ಡಿನಲ್ಲಿ ನಿಂತ ಮೆಷಿನ್ನಿಗೆ ಇಲಿ ಕಾಟವೂ ಉಂಟು, ವೈರನ್ನೂ ಬಿಡುವುದಿಲ್ಲ.

ಚೈನನ್ನು ಡೀಸೆಲ್ಲಿನಲ್ಲಿ ನೆನೆಸಿ, ಉಜ್ಜಿ, ಒಣಗಿಸಿ ಆಯಿಲ್ ಬಿಡುತ್ತೇನೆ. ಬೆಲ್ಟಿಗೆ ಮಾತ್ರ ಒಂದು ಹನಿಯೂ ತಾಗಬಾರದು. ಕೆಲವರು ಚೈನಿಗೆ ಗ್ರೀಸ್ ಮೆತ್ತುತ್ತಾರೆ. ಅದು ಪಿನ್ನಿನ ಒಳಗೆ ಇಳಿಯುವುದಿಲ್ಲ, ಹೊರಗೆ ದೂಳು ಹೊಟ್ಟು ಹಿಡಿದುಕೊಂಡು ಕೂರುತ್ತದೆ. ಪಿನ್ನಿಂದ ಪಿನ್ನಿಗೆ ಮುಕ್ಕಾಲು ಇಂಚಿನ ಚೈನಾದರೆ 16 ಕೊಂಡಿಗೆ 12 ಇಂಚು ಬರಬೇಕು. ಎಳೆದು ಹಿಡಿದು ಅಳೆದಾಗ ಕಾಲು ಇಂಚು ಜಾಸ್ತಿ ಬಂದರೆ ಹೊಸದು ತರುತ್ತೇನೆ. ಸ್ಪ್ರಾಕೆಟ್ಟಿನ ಹಲ್ಲು ಕೊಕ್ಕೆಯಾಗಿದ್ದರೆ ಅದನ್ನೂ ಬದಲಾಯಿಸಬೇಕು, ಇಲ್ಲದಿದ್ದರೆ ಹೊಸ ಚೈನನ್ನು ಅದೇ ತಿಂದುಹಾಕುತ್ತದೆ. ಚೈನಿನ ಎರಡು ತುದಿ ಸೇರಿಸುವ ಲಾಕಿನ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗಿರಬೇಕು. ಉಲ್ಟಾ ಹಾಕಿ ಗದ್ದೆಯ ಕೆಸರಿನಲ್ಲಿ ಕ್ಲಿಪ್ ಹುಡುಕಿದ್ದೂ ಆಗಿದೆ. ಈಗ ಸೀಟಿನ ಕೆಳಗೆ ಒಂದು ಡಬ್ಬಿ ತುಂಬ ಲಾಕ್ ಇಟ್ಟಿದ್ದೇನೆ.

ಈ ಸಲ ಜೋಡಿ ಬೆಲ್ಟ್ ಎರಡೂ ಹೊಸದು. ಹೊಸ ಬೆಲ್ಟ್ ಮೊದಲ ದಿನವೇ ಸ್ವಲ್ಪ ಸಡಿಲವಾಗುತ್ತದೆ. ಸಂಜೆ ಗದ್ದೆಯಿಂದ ಬಂದ ಮೇಲೆ ಎಷ್ಟೇ ಸುಸ್ತಾಗಿದ್ದರೂ ಮತ್ತೆ ಸ್ಪ್ಯಾನರ್ ಹಿಡಿಯಲೇಬೇಕು.