ಸ್ಕೈಡೈವಿಂಗ್ ಬುಕ್ ಮಾಡುವ ಮೊದಲು ವಿಮಾನ ಯಾವುದು ಅಂತ ಕೇಳಿ

ರೇಟು ಎಷ್ಟು, ವಿಡಿಯೋ ಕೊಡ್ತಾರಾ ಅಂತ ಎಲ್ಲರೂ ಕೇಳುತ್ತಾರೆ. ವಿಮಾನದ ಬಗ್ಗೆ ಕೇಳುವವರು ಕಡಿಮೆ. ಆದರೆ ಅನುಭವ ಬದಲಾಗುವುದೇ ಅಲ್ಲಿ.

ಸಣ್ಣ ಕೇಂದ್ರಗಳಲ್ಲಿ ಹೆಚ್ಚಾಗಿ ಸೆಸ್ನಾ 182 ಎಂಬ ಪುಟ್ಟ ವಿಮಾನ ಇರುತ್ತದೆ. ಪೈಲಟ್ ಬಿಟ್ಟರೆ ಸಾಮಾನ್ಯವಾಗಿ ನಾಲ್ಕೇ ಜನ. ಸೀಟು ತೆಗೆದಿರುತ್ತಾರೆ, ನೆಲದ ಮೇಲೆ ಕಾಲು ಮಡಚಿ ಕೂರಬೇಕು. ಪಿಸ್ಟನ್ ಎಂಜಿನ್, ನಿಧಾನವಾಗಿ ಏರುತ್ತದೆ. 10,000 ಅಡಿ ಮುಟ್ಟಲು 20 ನಿಮಿಷ, ಕೆಲವೊಮ್ಮೆ ಜಾಸ್ತಿಯೇ ಬೇಕು. ಮಂಡಿನೋವು ಇದ್ದವರು ಮೊದಲೇ ಹೇಳಿಬಿಡಿ. ಹಾರಲು ವಿಮಾನದಿಂದ ಹೊರಬರುವಾಗ ಚಕ್ರದ ಮೇಲಿನ ಪುಟ್ಟ ಮೆಟ್ಟಿಲಿಗೆ ಕಾಲಿಡಬೇಕು, ಗಾಳಿ ಆ ಕಾಲನ್ನು ಹಿಂದಕ್ಕೆ ದೂಡುತ್ತದೆ. ಗಾಬರಿ ಬೇಡ, ಗಟ್ಟಿಯಾಗಿ ಒತ್ತಿ ಇಡಿ. ಜನಜಂಗುಳಿ ಇಲ್ಲದ್ದರಿಂದ ಕೆಲವರಿಗೆ ಇದೇ ಇಷ್ಟ.

ದುಬೈನ ಪಾಮ್ ಎಂಬ ಕೃತಕ ದ್ವೀಪದ ಮೇಲೆ ಹಾರಿಸುವುದು ಟ್ವಿನ್ ಆಟರ್ ಎಂಬ ದೊಡ್ಡ ವಿಮಾನದಲ್ಲಿ. ಎರಡು ಟರ್ಬೊಪ್ರಾಪ್ (ಟರ್ಬೈನ್‌ನಿಂದ ಪ್ರೊಪೆಲ್ಲರ್ ತಿರುಗಿಸುವ) ಎಂಜಿನ್, 20ಕ್ಕೂ ಹೆಚ್ಚು ಜನ, ಅಗಲವಾದ ಬಾಗಿಲು. ಬೇಗನೆ 13,000 ಅಡಿಗೆ ಹೋಗುತ್ತದೆ. ಆ 3,000 ಅಡಿ ಹೆಚ್ಚು ಎತ್ತರ ಅಂದರೆ ಸುಮಾರು 15 ಸೆಕೆಂಡ್ ಹೆಚ್ಚು ಫ್ರೀಫಾಲ್, ಅಂದರೆ ಪ್ಯಾರಾಚೂಟ್ ಬಿಚ್ಚುವ ಮೊದಲಿನ ಬೀಳುವಿಕೆ. ಸುಮ್ನೆ ಅಲ್ಲ ಅದು! ಗೆಳೆಯರ ಗುಂಪು ಒಟ್ಟಿಗೆ ಹೋಗಲೂ ಇದು ಸರಿ. ದೊಡ್ಡ ವಿಮಾನದಲ್ಲಿ ಟ್ಯಾಂಡಮ್‌ನವರನ್ನು (ತರಬೇತುದಾರರಿಗೆ ಕಟ್ಟಿಕೊಂಡು ಹಾರುವವರನ್ನು) ಸಾಮಾನ್ಯವಾಗಿ ಕೊನೆಗೆ ಬಿಡುತ್ತಾರೆ. ಮುಂದಿನವರು ಒಬ್ಬೊಬ್ಬರೇ ಮಾಯವಾಗುವುದನ್ನು ನೋಡುತ್ತಾ ಕೂರಬೇಕು. ಭಯದವರು ಕಿಟಕಿ ಕಡೆ ನೋಡಿ.

ಸ್ಕೈವ್ಯಾನ್ ಎಂಬ ವಿಮಾನ ಸಿಕ್ಕರೆ ಬಿಡಬೇಡಿ. ಅದರ ಹಿಂಬದಿಯೇ ತೆರೆದುಕೊಳ್ಳುತ್ತದೆ, ಬಾಗುವ ಕೆಲಸವೇ ಇಲ್ಲ.

ಬುಕಿಂಗ್ ವೇಳೆ ಎಷ್ಟು ಅಡಿಯಿಂದ ಹಾರಿಸುತ್ತಾರೆ ಅನ್ನುವುದನ್ನೂ ಬರೆಸಿಕೊಳ್ಳಿ.