ಸಾಲಿನ ಕೊನೆಯ ಬೈಕಿನಿಂದ ಕಂಡದ್ದು

ನಮ್ಮ ಬೈಕ್ ಕ್ಲಬ್ಬಿನ ಸವಾರಿಗಳಲ್ಲಿ ಮೂರು ವರ್ಷ ನಾನೇ ಮುಂದಿರುತ್ತಿದ್ದೆ. ದಾರಿ ಗೊತ್ತಿತ್ತು, ವೇಗವೂ ಹದವಾಗಿಯೇ ಇದೆ ಎಂದು ನಂಬಿದ್ದೆ. ಕಳೆದ ಸಲ ವಾರಾಂತ್ಯಕ್ಕೆ ಒಂದು ರಾತ್ರಿ ಟೆಂಟ್ ಹಾಕಿ ಬರೋಣ ಎಂದು ಹನ್ನೊಂದು ಬೈಕುಗಳು ಹೊರಟಾಗ ಮೊದಲ ಬಾರಿಗೆ ಸ್ವೀಪ್ ಆದೆ. ಅಂದರೆ ಎಲ್ಲರಿಗಿಂತ ಹಿಂದೆ. ಪಂಕ್ಚರ್ ಕಿಟ್, ಪಂಪು, ಪ್ರಥಮ ಚಿಕಿತ್ಸೆಯ ಡಬ್ಬಿ ಎಲ್ಲ ನನ್ನ ಬಳಿಯೇ.

ಹೊರಟು ಅರ್ಧ ಗಂಟೆಯಾಗಿರಲಿಲ್ಲ, ನನ್ನ ಸ್ಪೀಡೋಮೀಟರ್ 85 ತೋರಿಸುತ್ತಿತ್ತು. ಮುಂದಿದ್ದವರು 65ರಲ್ಲೇ ಹೋಗುತ್ತಿದ್ದರು, ಅದೇ ನಮ್ಮ ಒಪ್ಪಂದ. ಆದದ್ದು ಇಷ್ಟು: ಒಬ್ಬರು ಲೇನಿನ ಎಡಕ್ಕೆ, ಹಿಂದಿನವರು ಬಲಕ್ಕೆ, ನಡುವೆ ಒಂದು ಸೆಕೆಂಡ್, ಒಂದೇ ಗೆರೆಯಲ್ಲಿರುವ ಇಬ್ಬರ ನಡುವೆ ಎರಡು ಸೆಕೆಂಡ್. ಇದು ಎಲ್ಲರೂ ಪಾಲಿಸುವ ಲೆಕ್ಕ. 60 ಕಿ.ಮೀ. ವೇಗದಲ್ಲಿ ಬೈಕು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಹನ್ನೊಂದು ಬೈಕಿನ ಸಾಲು ಎಂದರೆ ಸುಮಾರು 170 ಮೀಟರ್ ಉದ್ದ. ಮುಂದಿನವರು ತಿರುವು ದಾಟಿ ಆಕ್ಸಿಲರೇಟರ್ ಕೊಡುವಾಗ ಕೊನೆಯ ನಾಲ್ವರು ಇನ್ನೂ ತಿರುವಿಗೆ ಬಂದೇ ಇರುವುದಿಲ್ಲ. ಅವರು ತಿರುವು ಮುಗಿಸುವಷ್ಟರಲ್ಲಿ ಮುಂದಿನವರು ದೂರ ಹೋಗಿರುತ್ತಾರೆ. ಆಮೇಲೆ ಹಿಡಿಯಲು ಓಟ. ಮತ್ತೆ ತಿರುವು ಬಂದರೆ ಎಲ್ಲರೂ ಒಟ್ಟಿಗೆ ಬ್ರೇಕ್. ಸಾಲು ರಬ್ಬರಿನಂತೆ ಹಿಗ್ಗಿ ಕುಗ್ಗುತ್ತದೆ, ಏಟು ಬೀಳುವುದು ಬಾಲಕ್ಕೆ.

ನನ್ನ ಮುಂದೆಯೇ ಒಬ್ಬ ಹೊಸ ಹುಡುಗ ಇದ್ದ. ಅವನ ಎರಡನೇ ಗುಂಪು ಸವಾರಿ. ಪ್ರತಿ ತಿರುವಿಗೂ ತಡವಾಗಿ ಬ್ರೇಕ್ ಹಿಡಿಯುತ್ತಿದ್ದ, ಬ್ರೇಕ್ ದೀಪ ತಿರುವಿನ ಒಳಗೂ ಉರಿಯುತ್ತಲೇ ಇರುತ್ತಿತ್ತು. ಪೆಟ್ರೋಲಿಗೆ ನಿಂತಾಗ ಕೇಳಿದೆ. “ಎಲ್ಲರೂ ನನಗೋಸ್ಕರ ಕಾಯ್ಬೇಕಾಗತ್ತೆ ಅಂತ ಅಣ್ಣಾ, ಅದಕ್ಕೇ ಹಾಗೆ ಓಡಿಸ್ತಿದ್ದೆ” ಅಂದ. ಆ ಮಾತು ನನಗೆ ತುಂಬಾ ನೋವು ಕೊಟ್ಟಿತು. ಮೂರು ವರ್ಷ ನಾನು ಮುಂದೆ ನೆಮ್ಮದಿಯಾಗಿ ಓಡಿಸುವಾಗ ಹಿಂದೆ ಎಷ್ಟು ಜನ ಹೀಗೆ ಹೆದರಿಕೊಂಡು ಓಡಿಸಿದ್ದರೋ.

ಅಲ್ಲಿಯೇ ನಿಂತು ಸವಾರಿಯ ಕ್ರಮ ಬದಲಿಸಿದೆವು. ಗುಂಪನ್ನು ಆರು ಮತ್ತು ಐದಾಗಿ ಒಡೆದೆವು. ಹೊಸಬನನ್ನು ಎರಡನೇ ಗುಂಪಿನ ಲೀಡ್, ಅಂದರೆ ಎಲ್ಲರಿಗಿಂತ ಮುಂದಿರುವವರ, ಹಿಂದೆಯೇ ಹಾಕಿದೆವು. ತಿರುವು ದಾಟಿದ ಮೇಲೆ ಕೊನೆಯ ಹೆಡ್‌ಲೈಟ್ ಕನ್ನಡಿಯಲ್ಲಿ ಕಾಣುವವರೆಗೂ ಲೀಡ್ ವೇಗ ಏರಿಸಬಾರದು. ತಿರುವುಗಳಲ್ಲಿ ಎಡ ಬಲ ಬಿಟ್ಟು ಒಂದೇ ಸಾಲು, ಪ್ರತಿಯೊಬ್ಬರಿಗೂ ಪೂರ್ತಿ ಲೇನ್. ಓವರ್‌ಟೇಕ್ ಮಾಡುವಾಗ ಮುಂದಿನವರು ಹೋದರು ಎಂದು ಹೋಗುವಂತಿಲ್ಲ, ತಾನೇ ನೋಡಿ ತಾನೇ ಹೋಗಬೇಕು. ದಾರಿ ಕವಲೊಡೆಯುವಲ್ಲಿ ಲೀಡ್ ಹಿಂದಿನವರು ಸುರಕ್ಷಿತವಾದ ಜಾಗದಲ್ಲಿ ನಿಂತು ದಾರಿ ತೋರಿಸಬೇಕು, ಸ್ವೀಪ್ ಬಂದ ಮೇಲೆ ಅವರ ಮುಂದೆ ಸೇರಿಕೊಳ್ಳಬೇಕು. ಇದೊಂದು ಇದ್ದರೆ ಸಾಲು ಕಡಿದರೂ ಯಾರೂ ಕಳೆದುಹೋಗುವುದಿಲ್ಲ, ಹಾಗಾಗಿ ಯಾರೂ ಹಿಡಿಯಲು ಓಡಬೇಕಾಗಿಲ್ಲ.

ಹಿಂದಿದ್ದರೆ ಇನ್ನೊಂದೂ ಕಾಣುತ್ತದೆ, ಎಲ್ಲರ ಲಗೇಜು. ಒಂದು ಬೈಕಿನಲ್ಲಿ ಟೆಂಟ್ ಬಿಗಿದ ಪಟ್ಟಿಯ ತುದಿ ಸಡಿಲಾಗಿ ಗಾಳಿಗೆ ಹಾರಾಡುತ್ತಿತ್ತು. ಹಾರ್ನ್ ಹೊಡೆದು ನಿಲ್ಲಿಸಿದೆ. ಪಟ್ಟಿಯ ತುದಿ ಎಳೆ ಎಳೆಯಾಗಿ ಬಿಚ್ಚಿತ್ತು, ಬೆರಳಷ್ಟು ಉದ್ದ ಚೈನಿನ ಎಣ್ಣೆ ಹತ್ತಿ ಕಪ್ಪಾಗಿತ್ತು. ಚೈನು ಅದನ್ನು ಆಗಲೇ ಮುಟ್ಟಿ ಮುಟ್ಟಿ ಬಿಟ್ಟಿತ್ತು. ಇನ್ನು ನಾಲ್ಕು ಬೆರಳು ಒಳಗೆ ಹೋಗಿದ್ದರೆ ಹಿಂದಿನ ಚಕ್ರ ಕಚ್ಚಿಕೊಳ್ಳುತ್ತಿತ್ತು. ಈಗ ನಾನು ಪಟ್ಟಿಯ ಉಳಿದ ತುದಿಯನ್ನು ಸುತ್ತಿ ಗಂಟು ಹಾಕದೆ ಹೊರಡಲು ಬಿಡುವುದಿಲ್ಲ. ಭಾರದ ಸಾಮಾನು ಪಕ್ಕದ ಚೀಲಗಳಲ್ಲಿ ಕೆಳಗೆ, ಹಗುರವಾದ ಸ್ಲೀಪಿಂಗ್ ಬ್ಯಾಗ್ ಮೇಲೆ. ಹಿಂದೆ ಎತ್ತರಕ್ಕೆ ಭಾರ ಹೇರಿದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ತೂರಾಡುತ್ತದೆ.

ಕತ್ತಲಾಗಲು ಎರಡು ಗಂಟೆ ಇರುವಾಗಲೇ ತಲುಪಿದೆವು. ಟೆಂಟಿಗೆ ತುಸು ಎತ್ತರದ ಜಾಗ ಹುಡುಕಿ, ತಲೆಯೆತ್ತಿ ಒಣಗಿದ ಕೊಂಬೆ ಇದೆಯೇ ಎಂದೂ ನೋಡಿದೆವು. ಒಲೆ ಟೆಂಟಿನಿಂದ ಆಚೆಗೇ. ಮಳೆ ಬಂದರೂ ಅಷ್ಟೇ, ಒಲೆಯಿಂದ ಬರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಟೆಂಟಿನೊಳಗೆ ತುಂಬಿದರೂ ಗೊತ್ತಾಗುವುದಿಲ್ಲ.

ರಾತ್ರಿ ಮಳೆ ಬಂತು. ಎರಡು ಗಂಟೆಗೆ ದಪ್ಪೆಂದು ಸದ್ದು. ಒಂದು ಬೈಕಿನ ಸೈಡ್ ಸ್ಟ್ಯಾಂಡ್ ಮೆತ್ತನೆ ಮಣ್ಣಿನಲ್ಲಿ ಇಳಿದು ಬೈಕು ಮಲಗಿತ್ತು. ಬೈಕಿಗೂ ಟೆಂಟಿಗೂ ಮೂರು ಮೀಟರ್ ಬಿಡಬೇಕೆಂದು ಹಟ ಹಿಡಿದಿದ್ದರಿಂದ ಅದರಡಿ ಯಾರೂ ಇರಲಿಲ್ಲ. ಮೊದಲು ಇಗ್ನಿಷನ್ ಆಫ್ ಇದೆಯೇ ನೋಡಿ, ಪೆಟ್ರೋಲ್ ಸೋರಿದೆಯೇ ಎಂದು ಮೂಸಿದೆವು. ಆಮೇಲೆ ಬೈಕಿನ ಮಾಲೀಕರು ಸೀಟಿಗೆ ಬೆನ್ನು ಕೊಟ್ಟು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಗ್ರ್ಯಾಬ್ ರೈಲ್ ಹಿಡಿದು, ಸೊಂಟ ಬಗ್ಗಿಸದೆ ಕಾಲಿನ ಬಲದಿಂದ ಹಿಮ್ಮುಖವಾಗಿ ಹೆಜ್ಜೆಹೆಜ್ಜೆಗೂ ತಳ್ಳಿ ಎತ್ತಿದರು. ನಾನು ಆಚೆ ಬದಿ ನಿಂತು ಅತ್ತ ಬೀಳದಂತೆ ಹಿಡಿದೆ. ಅಗಲವಾದ ಚಪ್ಪಟೆ ಕಲ್ಲೊಂದನ್ನು ಸ್ಟ್ಯಾಂಡಿನ ಕೆಳಗಿಟ್ಟು ಗೇರಿಗೆ ಹಾಕಿದೆವು. ಉಳಿದ ಹತ್ತು ಬೈಕುಗಳಿಗೂ ಟಾರ್ಚ್ ಹಿಡಿದು ಹಾಗೆಯೇ ಮಾಡಿ ಮಲಗಿದೆವು.

ಬೆಳಿಗ್ಗೆ ಟೈರುಗಳು ತಣ್ಣಗಿರುವಾಗಲೇ ಗಾಳಿ ನೋಡಿ, ಒದ್ದೆ ಟೆಂಟುಗಳನ್ನು ಕಟ್ಟಿ ಹೊರಟೆವು. ವಾಪಸ್ ಬರುವಾಗ ಎರಡನೇ ಗುಂಪಿಗೆ ನಾನೇ ಲೀಡ್. ಪ್ರತಿ ತಿರುವು ಕಳೆದ ಮೇಲೂ ಕನ್ನಡಿಯಲ್ಲಿ ಎಣಿಸಿದೆ: ಒಂದು, ಎರಡು, ಮೂರು, ನಾಲ್ಕು. ಆಮೇಲೆಯೇ ಕೈ ತಿರುಗಿಸಿದೆ. ಆ ಹುಡುಗ ನನ್ನ ಹಿಂದೆಯೇ ಇದ್ದ. ಅವನ ಹೆಡ್‌ಲೈಟ್ ತಿರುವುಗಳಲ್ಲಿ ಒಂದು ಸಲವೂ ಬ್ರೇಕಿಗೆ ಗಕ್ಕನೆ ಕೆಳಗೆ ಬಾಗಲಿಲ್ಲ.