ಯಾವ ಬಟ್ಟೆ ಯಾರದು? ಹೊಲಿಗೆ ಎಣಿಸಿ

ಮೂರ್ನಾಲ್ಕು ಮಕ್ಕಳಿರುವ ಮನೆಯವರಿಗೆ ಒಂದು ಸಲಹೆ. ಯೂನಿಫಾರ್ಮ್, ಬನಿಯನ್, ಸಾಕ್ಸ್ ಮೇಲೆ ಹೆಸರು ಬರೆಯಬೇಡಿ, ದಾರದ ಹೊಲಿಗೆ ಹಾಕಿ. ದೊಡ್ಡ ಮಗುವಿಗೆ ಒಂದು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ಅಣ್ಣನ ಅಂಗಿ ತಮ್ಮನಿಗೆ ಬಂದಾಗ ಏನನ್ನೂ ಬಿಚ್ಚಬೇಕಿಲ್ಲ, ಇನ್ನೊಂದು ಹೊಲಿಗೆ ಸೇರಿಸಿದರೆ ಮುಗಿಯಿತು. ಬಟ್ಟೆ ಯಾವಾಗಲೂ ಮೇಲಿಂದ ಕೆಳಗೇ ಇಳಿಯುತ್ತದೆ ಅಲ್ವಾ, ಅದಕ್ಕೇ ಲೆಕ್ಕ ತಪ್ಪುವುದಿಲ್ಲ. ಓದಲು ಬಾರದ ಸಣ್ಣವರೂ ಎಣಿಸಿ ತಮ್ಮದನ್ನು ತಾವೇ ಮಡಚಿಡುತ್ತಾರೆ. ನಮ್ಮ ವಿಜಯಪುರದ ಬೋರ್ ನೀರು ಗಡಸು, ಉಜ್ಜುವುದೂ ಜಾಸ್ತಿ, ಮಾರ್ಕರ್ ಬರಹ ಬೇಗ ಮಾಸುತ್ತದೆ. ಕಸೂತಿ ಹಾಕಿ ಉಳಿದ ದಾರವೇ ಸಾಕು. ಆದರೆ ಕೆಂಪು ದಾರವನ್ನು ಮೊದಲು ಬಿಸಿ ನೀರಿನಲ್ಲಿ ನೆನೆಸಿ ನೋಡಿ. ಬಣ್ಣ ಬಿಟ್ಟರೆ ಬಿಳಿ ಯೂನಿಫಾರ್ಮ್ ಕಥೆ ಮುಗಿಯಿತು! ಕಾಲರ್ ಒಳಗಿನ ಮಡಿಕೆಯಲ್ಲಿ ಹಾಕಿದರೆ ಕುತ್ತಿಗೆಗೆ ಚುಚ್ಚುವುದಿಲ್ಲ. ಸಾಕ್ಸ್‌ನ ಎಲಾಸ್ಟಿಕ್ ಮೇಲೆ ಬೇಡ, ಎಳೆದಾಗ ದಾರ ಹರಿಯುತ್ತದೆ, ಬೆರಳ ತುದಿಯ ಕಡೆ ಹಾಕಿ. ತಮ್ಮನೇ ಅಣ್ಣನಿಗಿಂತ ಎತ್ತರ ಬೆಳೆದ ಮನೆಯಲ್ಲಿ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ದಾರವೇ ಸರಿ.